ಸಹಿ ಬೀಳದ ಕೊನೆಯ ಚೀಟಿ

"ಈ ಚೀಟೀಲಿ ಏನ್ ತಪ್ಪಿದೆ, ಹೇಳಿ ಸಾರ್!"

ಬೆಳಗಿನ ಹೊತ್ತಿನಲ್ಲಿ ನಿಘಂಟು ಕಚೇರಿಯ ಕೆಳಮಹಡಿಗೆ ಅವಳು ಇಳಿದು ಬಂದದ್ದು ಎರಡು ವರ್ಷದಲ್ಲಿ ಇದೇ ಮೊದಲು. ಇಂಗ್ಲಿಷ್ ಪದಗಳ ಅರ್ಥ, ಮೂಲ ಬರೆಯುವುದು ಅವಳ ಕೆಲಸ. ಅದನ್ನು ತಿದ್ದುವ ಪರಿಶೀಲಕನದು ಬೆಳಗಿನ ಪಾಳಿ, ಅವಳದು ಮಧ್ಯಾಹ್ನದ್ದು. ಇಬ್ಬರ ನಡುವೆ ಓಡಾಡುತ್ತಿದ್ದುದು ಚೀಟಿಗಳ ಟ್ರೇ ಮಾತ್ರ. ಮುಖ ನೋಡದೆಯೇ ಜಗಳವಾಡಿದ್ದರು, ಮುಖ ನೋಡದೆಯೇ... ಹೋಗಲಿ, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ!

ಪರಿಶೀಲಕರು ಬಕ್ಕತಲೆಯವರಿರಬೇಕು ಎಂದು ಅಮ್ಮನ ಬಳಿ ನಕ್ಕಿದ್ದಳು. ಎದುರಿಗಿದ್ದವನಿಗೆ ತಲೆತುಂಬ ಕೂದಲು. ಕಣ್ಣ ಕೆಳಗೆ ಅವಳಷ್ಟೇ ದಣಿವು.

ಅವಳ ಕೈಯಲ್ಲಿದ್ದುದು 'ಸ್ಯಾಡ್' ಪದದ ಚೀಟಿ. ಇಂದು ದುಃಖ ಎಂಬ ಅರ್ಥ ಕೊಡುವ ಆ ಪದಕ್ಕೆ ಮೂಲದಲ್ಲಿ 'ಹೊಟ್ಟೆ ತುಂಬಿದ' ಎಂಬ ಅರ್ಥವಿತ್ತು. ತುಂಬಿದ್ದು ಭಾರವಾಯಿತು, ಬೇಸರವಾಯಿತು, ಕೊನೆಗೆ ದುಃಖವಾಯಿತು. 'ನಾವೂ ಸಾಕಾಯ್ತು ಎಂದು ದಣಿವನ್ನೇ ಹೇಳುತ್ತೇವಲ್ಲ' ಎಂದು ಅಂಚಿನಲ್ಲಿ ಬರೆದಿದ್ದಳು. ನಾಲ್ಕು ಸಲವೂ ಚೀಟಿ ವಾಪಸು ಬಂದಿತ್ತು. 'ಇನ್ನೊಮ್ಮೆ ನೋಡಿ.' ಅಷ್ಟೇ!

"ಐದನೇ ಸಲ ವಾಪಸಾದ್ರೆ ಬರೆದವರನ್ನ ಕೆಲಸದಿಂದ ತೆಗೀತಾರೆ. ಅದಕ್ಕೆ ಮುಂಚೆ ನಾನೇ ರಾಜೀನಾಮೆ ಬರ್ಕೊಂಡು ಬಂದಿದೀನಿ."

ಅವನ ಮುಖ ಸುಣ್ಣವಾಯಿತು.

"ಬೇಡ... ತಪ್ಪೇ ಇಲ್ಲ. ಮೊದಲನೇ ಸಲವೇ ಸರಿಯಿತ್ತು."

"ಮತ್ತೆ?!"

"ನಮ್ಮ ಪಾಲಿಗೆ ಬಂದ 'ಎಸ್' ಅಕ್ಷರದಲ್ಲಿ ಉಳಿದಿರೋದು ಇದೊಂದೇ ಚೀಟಿ. ಸಹಿ ಬಿದ್ರೆ ನಮ್ಮ ಜೋಡಿ ಮುಗೀತು. ಆಮೇಲೆ ನಿಮ್ಮ ಬರಹ ಬೇರೆಯವರ ಟ್ರೇಗೆ ಹೋಗುತ್ತೆ. ದಿನಾ ಬೆಳಗ್ಗೆ ನಾನು ಬರೋದೇ ಅದನ್ನ ಓದೋಕೆ..."

ಅವಳು ಕೇಳಬೇಕೆಂದಿದ್ದ ಮಾತೇ ಅದು. ಆದರೆ ಸಿಟ್ಟು ಮೊದಲು ಬಂತು, ಬರಬೇಕಾದ್ದೇ!

"ಅದಕ್ಕೆ ನಂಗೆ ನಾಲ್ಕು ಸಲ ಹಳೇ ಪುಸ್ತಕದ ಧೂಳು ಕುಡಿಸಿದ್ರಾ? ಒಂದು ತಿಂಗಳಿಂದ ನಂಗೇನೂ ಬರಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ ರೀ!"

ಅವನು ತಲೆ ತಗ್ಗಿಸಿದ.

"ತಪ್ಪಾಯ್ತು. ಬಾಯಿಬಿಟ್ಟು ಹೇಳೋ ಧೈರ್ಯ ಇರಲಿಲ್ಲ. ನನ್ನ ಹೇಡಿತನಕ್ಕೆ ನಿಮ್ಮನ್ನ ದಣಿಸಿದೆ."

ಪೆನ್ನು ತೆಗೆದ. ಅವಳ ಉತ್ತರಕ್ಕೂ ಕಾಯದೆ ಸಹಿ ಹಾಕಿ, ಚೀಟಿಯನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

ಇನ್ನು ಹೊರಡಬಹುದಿತ್ತು. ಆದರೆ ಅವಳು ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಳು.

"ಈಗಾದ್ರೂ ಬಾಯಿಬಿಟ್ಟು ಹೇಳ್ತೀರಾ?"

"ನೀವಂದ್ರೆ ನಂಗಿಷ್ಟ... ತುಂಬಾ."

"ನಂಗೂ." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ಇವತ್ತು ನಗೋಕೂ ಶಕ್ತಿ ಇಲ್ಲ ಕಣ್ರೀ."

"ನಗಬೇಡಿ. ಸುಮ್ನೆ ಕೂತಿರಿ, ನಾನೂ ಕೂತಿರ್ತೀನಿ."

"ಎಷ್ಟು ಹೊತ್ತು?"

"ನೀವು 'ಏಳಿ' ಅನ್ನೋವರೆಗೂ."

ಅವಳು 'ಏಳಿ' ಎನ್ನಲಿಲ್ಲ.