ನಂತೂರಿನಲ್ಲಿ ನಿಂತ ಕಾರು

1961ನೇ ಇಸವಿ ಜನವರಿ 17, ಮಂಗಳವಾರ. ಬೆಳಿಗ್ಗೆ ಏಳೂ ಮುಕ್ಕಾಲು. ಸಬ್ ಇನ್ಸ್‌ಪೆಕ್ಟರ್ ಪೂವಪ್ಪ ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ತುರಿಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದ. ಹೆಂಡತಿಗೆ ಎರಡು ದಿನದಿಂದ ಜ್ವರ. ಎರಡನೆಯ ಹೋಳು ಕೈಗೆತ್ತಿಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಹೆಡ್ ಕಾನ್ಸ್‌ಟೇಬಲ್ ಲ್ಯಾನ್ಸಿ ಕೆಮ್ಮಿದ.

"ಸಾರ್, ಹಂಚಿನ ಕಾರ್ಖಾನೆಯ ನೊರ್ಬರ್ಟ್ ಸಾಹೇಬರು ಬಂದಿದ್ದಾರೆ. ಕಾರು ಕಳವಾಗಿದೆಯಂತೆ."

"ಕೂರ್ಲಿಕ್ಕೆ ಹೇಳು."

"ಕೂತಿದ್ದಾರೆ. ನಿಮ್ಮ ಕುರ್ಚಿಯಲ್ಲೇ."

ನೊರ್ಬರ್ಟ್ ಕುರ್ಚಿಯಿಂದ ಎದ್ದು, ದೂರನ್ನು ನಿಂತಲ್ಲಿ ನಿಲ್ಲದೆ ಹೇಳಿ ಮುಗಿಸಿದರು. ಶೆಡ್ಡಿನಲ್ಲಿದ್ದ ಕಪ್ಪು ಕಾರು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ.

"ಅನುಮಾನ ಯಾರ ಮೇಲೆ?"

"ಅನುಮಾನ ಎಂತದ್ದು? ನನ್ನ ಡ್ರೈವರ್ ನೋಣಯ್ಯ. ಒಂದು ಕೀಲಿ ಅವನ ಹತ್ರವೇ ಉಂಟು. ಆ ಜನರನ್ನು ನಂಬ್ಲಿಕ್ಕೆ ಆಗುದಿಲ್ಲ."

ಎಫ್.ಐ.ಆರ್. ಬರೆದ ಶಾಯಿ ಒಣಗುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಫೋನು ಬಂತು. ಪಡೀಲಿನಿಂದ ಪೇಟೆಗೆ ತರಕಾರಿ ಹೊತ್ತು ತರುವ ಬಾಗಿ ಎಂಬ ಹೆಂಗಸು ನಂತೂರಿನಲ್ಲಿ ರಸ್ತೆ ಬದಿ ಬಿದ್ದಿದ್ದಳು. ಏಳು ಗಂಟೆಗೆ ಲಾರಿಯವರು ನೋಡಿ ಎತ್ತಿಕೊಂಡು ಬಂದಿದ್ದಾರೆ. ಪಕ್ಕದ ಚರಂಡಿಯಲ್ಲಿ ಒಂದು ಕಪ್ಪು ಕಾರು ಇಳಿದು ನಿಂತಿದೆ.

ಪೂವಪ್ಪ ಆಸ್ಪತ್ರೆಗೆ ಹೋದಾಗ ಬಾಗಿಗೆ ಪ್ರಜ್ಞೆ ಇರಲಿಲ್ಲ. ಬಲಗಾಲು ತೊಡೆಯಿಂದ ಕೆಳಗೆ ಕಾಲಿನ ಹಾಗೇ ಇರಲಿಲ್ಲ. ಸೀರೆಯ ಸೆರಗಿಗೆ ಬಸಳೆ ಎಲೆಯೊಂದು ಅಂಟಿಕೊಂಡಿತ್ತು.

"ತುಂಬ ಹೊತ್ತು ಬಿದ್ದುಕೊಂಡಿದ್ದಾಳೆ," ಎಂದರು ಡಾಕ್ಟರು. "ಕೂಡಲೇ ತಂದಿದ್ದರೆ ಕಾಲು ಉಳಿಸಬಹುದಿತ್ತು."

ಆ ಮಾತು ಪೂವಪ್ಪನ ತಲೆಯಲ್ಲಿ ಕೆಂಡದ ಹಾಗೆ ಕೂತಿತು. ಗುದ್ದಿದವನು ಬಗ್ಗಿ ನೋಡಲೂ ಇಲ್ಲ! ಠಾಣೆಗೆ ಮರಳಿದಾಗ ಒಂಬತ್ತೂವರೆ. ಕುದ್ರೋಳಿಯ ಮನೆಯಿಂದ ಲ್ಯಾನ್ಸಿ ನೋಣಯ್ಯನನ್ನು ಎಳೆದು ತಂದು ನಿಲ್ಲಿಸಿದ್ದ. ಇಸ್ತ್ರಿ ಹಾಕಿದ ಖಾಕಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ.

"ಕಾರು ಯಾಕೆ ಕೊಂಡುಹೋದದ್ದು?"

"ನಾನಲ್ಲ ಸಾರ್. ನನ್ನ ಡ್ಯೂಟಿ ಒಂಬತ್ತು ಗಂಟೆಗೆ. ಧನಿಗಳು ಬೆಳಿಗ್ಗೆ ಆ ಸಾಮಾನು ಕೊಡದೆ ಕಾರು—"

ಪೂವಪ್ಪನ ಕೈ ಬೀಸಿತು. ಒಂದಲ್ಲ, ಎರಡು ಸಲ. ನೋಣಯ್ಯ ಗೋಡೆ ಹಿಡಿದುಕೊಂಡ. ಉಳಿದ ಮಾತು ಅವನ ಬಾಯಲ್ಲೇ ಉಳಿಯಿತು.

"ಒಳಗೆ ಹಾಕು ಇವನನ್ನು."

ಹನ್ನೊಂದು ಗಂಟೆಗೆ ನಂತೂರಿನಲ್ಲಿ ಪಂಚನಾಮೆ. ಎಡ ಮಡ್‌ಗಾರ್ಡ್ ನುಜ್ಜುಗುಜ್ಜು, ರಸ್ತೆಯ ತುಂಬ ಬಾಗಿಯ ಬುಟ್ಟಿಯಿಂದ ಚೆಲ್ಲಿದ ಅಲಸಂಡೆ. ಹತ್ತು ಜನ ಸೇರಿ ಕಾರನ್ನು ಮೇಲಕ್ಕೆ ತಂದರು. ನೋಣಯ್ಯನಿಂದ ತೆಗೆದುಕೊಂಡ ಕೀಲಿ ಹಾಕಿ ಠಾಣೆಗೆ ಓಡಿಸಿಕೊಂಡು ಹೋಗೋಣವೆಂದರೆ ಅದು ಸ್ಟಾರ್ಟ್ ಆಗಲಿಲ್ಲ.

"ಡಿಕ್ಕಿಯಾದ ಕಾರಲ್ವಾ ಸಾರ್, ಒಳಗೆ ಎಂತಾದ್ರೂ ಒಡೆದಿರ್ಬೇಕು," ಎಂದ ಲ್ಯಾನ್ಸಿ.

"ಎಂತ ಒಡೆದಿದೆ ಅಂತ ನನಗೆ ಗೊತ್ತಾಗ್ಬೇಕು. ಮೆಕ್ಯಾನಿಕ್ಕನ್ನು ಕರಿ."

ಮೆಕ್ಯಾನಿಕ್ ಉಮರಬ್ಬ ಸೈಕಲ್ಲಿನಲ್ಲಿ ಬಂದ. ಬಂದವನೇ ಮೊದಲು ಹಾರ್ನ್ ಒತ್ತಿದ. ಸುತ್ತ ನಿಂತವರೆಲ್ಲ ಬೆಚ್ಚಿಬಿದ್ದರು.

"ಬ್ಯಾಟರಿ ಉಂಟು. ನಿಮ್ಮ ಲ್ಯಾನ್ಸಿಯಣ್ಣನಿಗೂ ಜೀವ ಉಂಟು."

ಸ್ಟಾರ್ಟರ್ ಎಳೆದ. ಎಂಜಿನ್ ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಪೆಟ್ರೋಲಿನ ಪೈಪು ಬಿಚ್ಚಿದ, ಬೆರಳು ಒದ್ದೆಯಾಯಿತು. ಪ್ಲಗ್ಗಿನ ವಯರು ಕಿತ್ತು ಕಬ್ಬಿಣದ ಹತ್ತಿರ ಹಿಡಿದ, ಕಿಡಿ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ದಪ್ಪ ವಯರಿನಲ್ಲಿ ಮಾತ್ರ ಚಟ್ಟನೆ ಕಿಡಿ ಹಾರಿತು. ಅವನ ಹುಬ್ಬು ಗಂಟಾಯಿತು. ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಬ್ಬಿಯ ಎರಡು ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದ.

"ಇದರ ಒಳಗೆ ತಿರುಗುವ ರೋಟರೇ ಇಲ್ಲ ಸಾರ್."

"ಡಿಕ್ಕಿಗೆ ಬಿದ್ದುಹೋಯ್ತಾ?"

"ಮುಚ್ಚಳ ಭದ್ರ ಇತ್ತಲ್ಲ. ಯಾರೋ ಕೈಯಾರೆ ತೆಗೆದು, ಪುನಃ ಮುಚ್ಚಿ, ಕ್ಲಿಪ್ಪು ಹಾಕಿದ್ದು."

"ಅದಿಲ್ಲದೆ ಕಾರು ಇಲ್ಲಿವರೆಗೆ ಬಂದಿರಬಹುದಾ?"

"ಎತ್ತು ಕಟ್ಟಿದ್ರೆ ಬರ್ತದೆ." ಉಮರಬ್ಬ ಕೈ ಒರೆಸಿಕೊಂಡ. "ಇಲ್ಲಿಗೆ ಬಂದ ಮೇಲೆ ತೆಗೆದದ್ದು. ಓಡಿಹೋಗುವ ಕಳ್ಳನಿಗೆ ಇದೆಲ್ಲ ಯಾಕೆ ಮಾರಾಯ್ರೆ? ಕಾರು ಬೇರೆ ಯಾರೂ ಕೊಂಡುಹೋಗಬಾರದು ಅಂತ ಯಜಮಾನರು ತೆಗೆದಿಡುವ ಸಾಮಾನು ಇದು."

'ಆ ಸಾಮಾನು ಕೊಡದೆ' ಎಂದಿದ್ದ ನೋಣಯ್ಯ. ಪೂವಪ್ಪನ ಅಂಗೈ ಉರಿಯತೊಡಗಿತು.

ಮಧ್ಯಾಹ್ನ ಒಂದೂಕಾಲು ಗಂಟೆಗೆ ಲಾಕಪ್ಪಿನ ಬಾಗಿಲು ತೆಗೆಸಿ ತಾನೇ ಒಳಗೆ ಹೋದ.

"ನೋಣಯ್ಯ, ಆಗ ಎಂತ ಹೇಳ್ಲಿಕ್ಕೆ ಹೊರಟದ್ದು?"

"ರೋಟರ್ ಸಾರ್. ಆರು ತಿಂಗಳಾಯ್ತು, ದಿನಾ ಸಂಜೆ ಧನಿಗಳು ತೆಗೆದು ಕಿಸೆಗೆ ಹಾಕ್ತಾರೆ. ಬೆಳಿಗ್ಗೆ ನನಗೆ ಕೊಡುದು. ನಾನು ಬಾಡಿಗೆಗೆ ಓಡಿಸ್ತೇನೆ ಅಂತ ಅವರಿಗೆ ಸಂಶಯ."

"ನಾನು ಹೊಡೀಬಾರದಿತ್ತು."

ನೋಣಯ್ಯ ಊದಿದ ಕೆನ್ನೆ ಮುಟ್ಟಿಕೊಂಡ. "ಎರಡನೇದು ಸ್ವಲ್ಪ ಜೋರಿತ್ತು ಸಾರ್."

ನಗುವುದಕ್ಕೂ ಪೂವಪ್ಪನಿಗೆ ಮುಖವಿರಲಿಲ್ಲ. ನೋಣಯ್ಯನನ್ನು ಬೆಂಚಿನ ಮೇಲೆ ಕೂರಿಸಿ ಊಟ ತರಿಸಿದ.

ಸಂಜೆ ನಾಲ್ಕೂ ಇಪ್ಪತ್ತು. ನೊರ್ಬರ್ಟರ ಮನೆಯ ಜಗಲಿ. ಅವರು ಚಾ ಕುಡಿಯುತ್ತಿದ್ದರು. ಬಾಗಿಲಿನ ಪರದೆ ಹಿಡಿದುಕೊಂಡು ಏಳು ವರ್ಷದ ಮಗಳು ಬೆನಿಟಾ ನಿಂತಿದ್ದಳು. ಹಣೆಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿತ್ತು.

"ಮಗುವಿಗೆ ಎಂತಾಯ್ತು?"

"ಮೆಟ್ಟಿಲಲ್ಲಿ ಬಿದ್ದದ್ದು. ಹೆದರಿದ್ದಾಳೆ, ಎಂತ ಕೇಳ್ಬೇಡಿ. ಅವ ಒಪ್ಪಿಕೊಂಡನಾ?"

"ನಿನ್ನೆ ಸಂಜೆ ನೀವು ರೋಟರ್ ತೆಗೆದಿದ್ರಾ?"

"ಮತ್ತೆ? ಒಂದು ದಿನ ತಪ್ಪಿಲ್ಲ. ನನ್ನ ಕಾರಲ್ಲಿ ಅವ ಊರು ಸುತ್ತುದು ಬೇಡ."

"ರಾತ್ರಿ ಅದು ಎಲ್ಲಿತ್ತು?"

"ನನ್ನ ಕೋಟಿನ ಕಿಸೆಯಲ್ಲಿ."

"ಹಾಗಾದ್ರೆ ನೋಣಯ್ಯ ಕಾರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದನಾ?"

ನೊರ್ಬರ್ಟ್ ಚಾದ ಲೋಟ ಕೆಳಗಿಟ್ಟರು. "ನಂತೂರಿನಲ್ಲಿ ನಿಂತ ಕಾರಿನಲ್ಲೂ ಅದಿಲ್ಲ, ಕೊಡಿ," ಎಂದು ಪೂವಪ್ಪ ಕೈ ಚಾಚಿದ. ನೊರ್ಬರ್ಟ್ ಒಳಗಿನಿಂದ ಕೋಟು ತರಿಸಿ, ಹಿತ್ತಾಳೆಯ ತುದಿಯ ಕಂದು ಬಣ್ಣದ ಆ ಪುಟ್ಟ ವಸ್ತುವನ್ನು ಮೇಜಿನ ಮೇಲಿಟ್ಟರು. ಲ್ಯಾನ್ಸಿ ಜೊತೆಗೆ ಕರೆತಂದಿದ್ದ ಇಬ್ಬರು ಪಂಚರ ಮುಂದೆ ಅದನ್ನು ಕಾಗದದಲ್ಲಿ ಕಟ್ಟಿ ಅರಗು ಹಾಕಿದ.

"ಯಾಕೆ ತೆಗೆದೆ ಅಂತ ನನಗೇ ಗೊತ್ತಿಲ್ಲ," ಎಂದರು ನೊರ್ಬರ್ಟ್. " ಇಳಿದ ಕೂಡ್ಲೇ ಅಭ್ಯಾಸಕ್ಕೆ ಕೈ ಹೋಯ್ತು."

"ಕೈ ಬಾನೆಟ್ಟಿಗೆ ಹೋಯ್ತು," ಎಂದ ಪೂವಪ್ಪ. "ನಾಲ್ಕು ಹೆಜ್ಜೆ ಆಚೆ ಬಿದ್ದವಳ ಹತ್ರ ಕಾಲು ಹೋಗ್ಲಿಲ್ಲ. ನಿಮ್ಮ ತಪ್ಪಿಗೆ ಬಡವನೊಬ್ಬನ ಹೆಸರು ಬರೆಸಿದ್ರಿ. ಅವನಿಗೆ ನನ್ನ ಕೈಯಿಂದ ಹೊಡೆಸಿದ್ರಿ!"

ನಾಲ್ಕೂ ಐವತ್ತಕ್ಕೆ ದಸ್ತಗಿರಿ. ಅಜಾಗರೂಕ ಚಾಲನೆಗೂ ಅದರಿಂದಾದ ತೀವ್ರ ಗಾಯಕ್ಕೂ ಸೆಕ್ಷನ್ 279, 338. ಸುಳ್ಳು ದೂರಿಗೆ ಬೇರೆ ಮೊಕದ್ದಮೆ. ಕಾರಣ ದೊಡ್ಡದೇನೂ ಆಗಿರಲಿಲ್ಲ. ನೊರ್ಬರ್ಟ್ ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು. ಇಗರ್ಜಿಯ ಅಂಗಳಕ್ಕೆ ಉಳಿದವರು ತಾವೇ ಕಾರು ಬಿಟ್ಟುಕೊಂಡು ಬರುವಾಗ ತಾನು ಹಿಂದಿನ ಸೀಟಿನಿಂದ ಇಳಿಯುವುದು ಅವರಿಗೆ ನಾಚಿಕೆಯಾಗುತ್ತಿತ್ತು. ಅಂದು ಚರ್ಚಿನ ಬೆಳಗಿನ ಪೂಜೆಗೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನೇ ಹೊರಟಿದ್ದರು. ಅಷ್ಟೆ.

ಅವರು ಮೆಟ್ಟಿಲಿಳಿಯುವಾಗ ಬೆನಿಟಾ ಪರದೆ ಬಿಟ್ಟು ಬಂದು ತಂದೆಯ ಅಂಗಿಯ ತುದಿ ಹಿಡಿದಳು. ಬೆಳಿಗ್ಗೆಯಿಂದ ಅವಳು ಯಾರ ಹತ್ತಿರವೂ ಮಾತಾಡಿರಲಿಲ್ಲ. ಪೂವಪ್ಪ ತಡೆದು ನಿಂತ. ಅವಳು ಕೊಂಕಣಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಪಪ್ಪಾ, ಆ ಅಕ್ಕ ನೀರು, ನೀರು ಅಂತ ಹೇಳ್ತಾ ಇದ್ದಳಲ್ಲ, ನಾವು ಯಾಕೆ ಕೊಡ್ಲಿಲ್ಲ?"