ಮೂಲೆ ಗಿಡದ ಉಪ್ಪು

“ಇನ್ನು ನಾಲ್ಕೇ ನಾಲ್ಕು!”

ಪಿಟೀಲು ಬಟ್ಟೆಯನ್ನು ಬಕೆಟ್‌ನಲ್ಲಿ ಅದ್ದಿ ಹಿಂಡಿದಳು. ಮೂವತ್ತಾರು ಗಿಡಗಳ ಎಲೆ ಒರೆಸಿ ಆಗಿತ್ತು. ಅದೂ ಒಂದು ಸಲವಲ್ಲ, ಎರಡೆರಡು ಸಲ. ಸೊಂಟ ನೋಯುತ್ತಿತ್ತು, ಬೆರಳ ತುದಿ ಸುಕ್ಕುಗಟ್ಟಿತ್ತು. ಆದರೂ ಅವಳು ಬಿಡುವವಳಲ್ಲ.

ಪಿಟೀಲು ಅವಳ ನಿಜವಾದ ಹೆಸರಲ್ಲ ಬಿಡಿ. ಮಾತು ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆ ಅಂತ ಕ್ಲಾಸಿನವರು ಇಟ್ಟದ್ದು. ಆಮೇಲೆ ಮನೆಯಲ್ಲೂ ಅದೇ ರೂಢಿಯಾಯಿತು.

ಅವಳ ಅಮ್ಮ ನೋಡಿಕೊಳ್ಳುವ ನರ್ಸರಿ ಮನೆಯ ಹಿಂದೆಯೇ ಇತ್ತು. ಪ್ಲಾಸ್ಟಿಕ್ ಛಾವಣಿಯ ಒಂದು ಶೆಡ್ಡು, ಒಳಗೆ ಸಾಲಾಗಿ ನಲವತ್ತು ಕುಂಡ. ಎರಡು ವರ್ಷದ ಹಿಂದೆ ಬೀದಿಯಾಚೆಯ ಬಯಲಿಗೆ ಸಮುದ್ರದ ನೀರು ನುಗ್ಗಿತ್ತು. ನೀರು ಇಳಿದುಹೋಯಿತು, ಉಪ್ಪು ಮಾತ್ರ ಮಣ್ಣಲ್ಲೇ ಕೂತಿತು. ಅಲ್ಲಿದ್ದ ಮರಗಳೆಲ್ಲ ಒಣಗಿದವು. ಆಮೇಲೆ ಒಂದು ಹುಲ್ಲುಕಡ್ಡಿಯೂ ಹುಟ್ಟಿಲ್ಲ. ಆ ಬಯಲಲ್ಲಿ ನೆಡಬೇಕೆಂದೇ ಅಮ್ಮ ಈ ಗಿಡಗಳನ್ನು ಉಪ್ಪುನೀರು ಹಾಕಿಯೇ ಬೆಳೆಸಿದ್ದಳು.

ನಾಳೆ ಬೆಳಿಗ್ಗೆ ನರ್ಸರಿ ನಡೆಸುವ ಇಲಾಖೆಯ ಹೆಡ್ ಆಫೀಸಿನಿಂದ ಇನ್‌ಸ್ಪೆಕ್ಟರ್ ಮೇಡಂ ಬರುತ್ತಾರೆ. ಅವರು ಸರಿ ಅಂದರೆ ಇಂಥವೇ ಸಾವಿರ ಗಿಡ ಬೆಳೆಸುವ ಕೆಲಸ ಅಮ್ಮನಿಗೆ. ಇಲ್ಲ ಅಂದರೆ ನರ್ಸರಿಗೆ ಬೀಗ.

ಇಂಥ ಹೊತ್ತಿನಲ್ಲಿ ಎಲೆಗಳ ಮೇಲೆಲ್ಲ ಬಿಳಿ ಪುಡಿ! ಶಾಲೆಯಿಂದ ಬಂದು, ಎಷ್ಟೋ ದಿನದ ಮೇಲೆ ಶೆಡ್ಡಿಗೆ ಕಾಲಿಟ್ಟ ಪಿಟೀಲು ಹೌಹಾರಿಬಿಟ್ಟಿದ್ದಳು. ಶಾಲೆಯ ತೋಟದ ಗುಲಾಬಿಗೆ ಹೀಗೇ ಬೂದಿ ರೋಗ ಬಂದು, ಟೀಚರ್ ಗಿಡವನ್ನೇ ಕಿತ್ತು ಎಸೆದಿದ್ದರು. ಅಮ್ಮ ಬೇರೆ ಕುಂಡ ತರಲು ಪೇಟೆಗೆ ಹೋಗಿದ್ದಳು. ಸರಿ, ಪಿಟೀಲು ತಾನೇ ಬಕೆಟ್ ಹಿಡಿದು ನಿಂತಳು. ಅಮ್ಮನಿಗೆ ಸರ್‌ಪ್ರೈಸ್!

ಅಮ್ಮ ಬಂದಾಗ ಕತ್ತಲಾಗಿತ್ತು. ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

“ಮೇಡಂ ಫೋನ್ ಮಾಡಿದ್ರು ಕಣೇ. ಫೋಟೋ ಕಳಿಸಿದ್ದೆನಲ್ಲ, ಎಲೆ ಮೇಲೆ ಬಿಳಿ ಬಿಳಿ ಇರೋದು? ನಾಳೆ ಅದನ್ನೇ ಕಣ್ಣಾರೆ ನೋಡ್ಬೇಕಂತೆ.”

ಪಿಟೀಲಿನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. “ಬಿಳೀದಾ? ಅದು... ಅದು ರೋಗ ಅಲ್ವಾ?”

“ರೋಗ ಅಂತೆ ರೋಗ! ಅದು ಉಪ್ಪು ಕಣೇ. ಎಷ್ಟು ಸಲ ಹೇಳಿದ್ದೀನಿ ನಿನಗೆ!”

ಹೇಳಿದ್ದಳು, ನಿಜ. ಅಮ್ಮ ಹೇಳುವಾಗೆಲ್ಲ ಪಿಟೀಲು ಬೇರೇನೋ ಕುಯ್ಯುತ್ತಿದ್ದಳು, ಅಷ್ಟೇ.

“ಉಪ್ಪು ಮಣ್ಣಲ್ಲಿ ಬದುಕೋಕೆ ಒಂದೊಂದು ಗಿಡ ಒಂದೊಂದು ದಾರಿ ಹುಡುಕಿಕೊಂಡಿದೆ,” ಅಮ್ಮ ಖುಷಿಯಲ್ಲಿ ಹೇಳುತ್ತಾ ಹೋದಳು. “ಕೆಲವು ಉಪ್ಪನ್ನ ಬೇರಿನ ಹತ್ರಾನೇ ತಡೀತವೆ, ವಾಚ್‌ಮನ್ ಥರ. ಕೆಲವು ಹಳೇ ಎಲೆಗೆಲ್ಲ ಉಪ್ಪು ತುಂಬಿ, ಆ ಎಲೆಯನ್ನೇ ಉದುರಿಸಿ ಕೈ ತೊಳ್ಕೋತವೆ. ನಮ್ಮವು ಇವೆಯಲ್ಲ, ಉಪ್ಪುನೀರನ್ನೇ ಕುಡಿದು, ಜಾಸ್ತಿ ಆಗಿದ್ದನ್ನ ಎಲೆಯಿಂದ ಹೊರಗೆ ಹಾಕ್ತವೆ. ಎಲ್ಲಾನೂ ಒಳಗೇ ಇಟ್ಕೊಂಡ್ರೆ ಸತ್ತೇ ಹೋಗ್ತವೆ ಪಾಪ.”

“ನಾಳೆ... ಆ ಬಿಳಿ ಕಾಣದೇ ಹೋದ್ರೆ?”

“ಕಾಣದೇ ಹೋದ್ರೆ ಗಿಡಾನೂ ಫೇಲು, ನಾನೂ ಫೇಲು!” ಅಮ್ಮ ನಕ್ಕಳು.

ಪಿಟೀಲು ನೀರಿನ ಚೆಂಬು ಎಳೆದುಕೊಂಡಳು. ಒಂದು ಲೋಟ ನೀರು ಕುಡಿದಳು. ಇನ್ನೊಂದು ಕುಡಿದಳು. ಮೂರನೆಯದಕ್ಕೆ ಕೈಹಾಕಿದಾಗ ಅಮ್ಮ, “ಏನೇ ಇದು, ಉಪ್ಪು ತಿಂದೋಳ ಹಾಗೆ ನೀರು ಕುಡೀತಿದ್ದೀಯ!” ಅಂದಳು. ನೀರು ನೆತ್ತಿಗೆ ಹತ್ತಿತು.

ಹೇಳಿಬಿಡಬೇಕು ಅಂತ ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಅಮ್ಮನ ನಗುಮುಖ ಕಂಡು ಬಾಯಿ ತಾನಾಗಿ ಮುಚ್ಚಿಕೊಂಡಿತು. ತಟ್ಟೆಯಲ್ಲಿ ಊಟ ಹಾಗೇ ಉಳಿಯಿತು. ತಲೆಯಲ್ಲಿ ಒಂದೇ ಮಾತು, ‘ಒರೆಸಿದ್ದು ನಾನೇ.’ ಮಲಗಿದರೂ ಅದೇ, ಎದ್ದರೂ ಅದೇ.

ಬೆಳಿಗ್ಗೆ ಅಮ್ಮ ಹೊತ್ತಾಯಿತೆಂದು ಶೆಡ್ಡಿಗೂ ಹೋಗದೆ, ಮೇಡಂನ ಕರೆತರಲು ಬಸ್‌ಸ್ಟಾಪಿಗೆ ಹೊರಟಳು. ಅವಳು ಬೀದಿ ತಿರುಗಿದ್ದೇ ತಡ, ಪಿಟೀಲು ಅಡಿಗೆಮನೆಯ ಉಪ್ಪಿನ ಡಬ್ಬಿ ಎತ್ತಿಕೊಂಡು ಶೆಡ್ಡಿಗೆ ಓಡಿದಳು. ಹೋದದ್ದು ಉಪ್ಪು ತಾನೇ? ಉಪ್ಪೇ ಹಾಕಿದರಾಯಿತು!

ಮೂಲೆಯ ಗಿಡದಿಂದ ಶುರು ಮಾಡಿದಳು. ಎಲೆ ಕೊಂಚ ಒದ್ದೆಯಿತ್ತು. ನಿನ್ನೆ ಒರೆಸಿದ ನೀರು ಇನ್ನೂ ಆರಿಲ್ಲ ಅಂದುಕೊಂಡಳು. ಒಳ್ಳೆಯದೇ ಆಯಿತು, ಉಪ್ಪು ಅಂಟಿಕೊಂಡಿತು. ಅಂಟದ್ದು ಜರ್ರನೆ ಜಾರಿ ನೆಲಕ್ಕೆ ಬಿತ್ತು. ಒಂದು ಗಿಡ ಮುಗಿಯುವಷ್ಟರಲ್ಲಿ ಗೇಟು ಕಿರ್ರೆಂದಿತು.

ಅಯ್ಯೋ, ಇಷ್ಟು ಬೇಗ! ಪಿಟೀಲು ಡಬ್ಬಿಯನ್ನು ಬಕೆಟ್ಟಿನ ಹಿಂದೆ ತಳ್ಳಿ ಎದ್ದು ನಿಂತಳು.

ಇನ್‌ಸ್ಪೆಕ್ಟರ್ ಮೇಡಂ ಎತ್ತರದ ಹೆಂಗಸು, ಕುತ್ತಿಗೆಯಲ್ಲಿ ಕ್ಯಾಮೆರಾ. ಸಾಲಿನ ಮುಂದೆ ನಡೆಯುತ್ತಾ ಹೋದರು. ಹೋದಹಾಗೆ ಹುಬ್ಬು ಗಂಟಾಯಿತು.

“ಫೋಟೋದಲ್ಲಿ ಅಷ್ಟೊಂದು ಬಿಳಿ ಇತ್ತು. ಎಲ್ಲಿದೆ ಇಲ್ಲಿ?”

ಅಮ್ಮ ಎಲೆಗಳನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. “ನಿನ್ನೆ ಬೆಳಿಗ್ಗೆ ಇತ್ತು ಮೇಡಂ... ನಿಜವಾಗ್ಲೂ ಇತ್ತು.”

“ನೋಡಿ, ನನಗೆ ಮೊದಲಿಂದ್ಲೂ ಒಂದು ಅನುಮಾನ. ನೀವು ಉಪ್ಪುನೀರು ಹಾಕೋವಾಗ ಎಲೆಗೆ ಸಿಡಿದು, ಅದೇ ಒಣಗಿರಬಹುದಲ್ವಾ? ಆಗ ಗಿಡದ ಸಾಮರ್ಥ್ಯ ಏನು ಬಂತು?”

“ನಾನು ಬುಡಕ್ಕೇ ಹಾಕೋದು ಮೇಡಂ.”

“ನೀವು ಹಾಗೆ ಹೇಳ್ತೀರಿ. ನಾನು ಏನು ನೋಡಿ ನಂಬ್ಲಿ?” ಅಷ್ಟರಲ್ಲಿ ಮೇಡಂ ಕಣ್ಣು ಮೂಲೆಗೆ ಹೋಯಿತು. “ಓ! ಅಲ್ಲೊಂದಿದೆ!”

ಮೇಡಂ ಕ್ಯಾಮೆರಾ ಕಣ್ಣಿಗೆ ಹಿಡಿದರು. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಪಿಟೀಲು ಇಬ್ಬರನ್ನೂ ನೋಡಿದಳು. ಒಂದು ಫೋಟೋ, ಅಷ್ಟೇ. ಸುಮ್ಮನಿದ್ದರೆ ಸಾಕು. ಜನ್ಮದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಸಾಕು!

“ಬೇಡ!” ಅಂತ ಕಿರುಚಿದಳು. “ಅದು ಅಡಿಗೆಮನೆ ಉಪ್ಪು!”

ಒಂದು ಮಾತು ಹೊರಬಿದ್ದದ್ದೇ, ಉಳಿದದ್ದೆಲ್ಲ ಅದರ ಹಿಂದೆಯೇ ಬಂತು. ಗುಲಾಬಿಯ ರೋಗ, ಬಕೆಟ್ಟು, ನಲವತ್ತು ಗಿಡ, ಉಪ್ಪಿನ ಡಬ್ಬಿ. ಮೂಗು ಸೋರುತ್ತಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ. “ಅಮ್ಮಂದೇನೂ ತಪ್ಪಿಲ್ಲ ಮೇಡಂ. ಎಲ್ಲಾ ನಾನೇ ಮಾಡಿದ್ದು.”

ಅಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಪಿಟೀಲಿಗೆ.

ಮೇಡಂ ಕ್ಯಾಮೆರಾ ಇಳಿಸಿದರು. “ಎಷ್ಟು ಹೊತ್ತಿಗೆ ಒರೆಸಿದ್ದು?”

“ನಾಲ್ಕು ಗಂಟೆಗೆ. ಸ್ಕೂಲಿಂದ ಬಂದ್ಮೇಲೆ.”

“ಯಾವ ನೀರಲ್ಲಿ?”

“ಕುಡಿಯೋ ನೀರಲ್ಲಿ. ಎರಡೆರಡು ಸಲ.”

ಮೇಡಂ ಅಮ್ಮನ ಕಡೆ ತಿರುಗಿದರು. “ಅದಾದ ಮೇಲೆ ನೀವು ಗಿಡಕ್ಕೆ ನೀರು ಹಾಕಿದ್ರಾ?”

“ಇಲ್ಲ ಮೇಡಂ. ನಾನು ಹಾಕೋದು ಬೆಳಿಗ್ಗೆ. ಇವತ್ತು ಇನ್ನೂ ಹಾಕಿಲ್ಲ.”

ಮೇಡಂ ನಡುಸಾಲಿನ ಒಂದು ಗಿಡದ ಮುಂದೆ ಮಂಡಿಯೂರಿದರು. ಬರಿಯ ಎಲೆ ಅಂದುಕೊಂಡದ್ದರ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಕೂತಿದ್ದವು.

“ಇದೇನು, ಇಬ್ಬನಿಯಾ?”

“ಛಾವಣಿ ಇದೆಯಲ್ಲ ಮೇಡಂ,” ಅಂದಳು ಅಮ್ಮ. “ಒಳಗೆ ಇಬ್ಬನಿ ಎಲ್ಲಿಂದ ಬೀಳುತ್ತೆ?” ಅಂದವಳೇ ಸ್ಟೂಲಿನಿಂದ ಎದ್ದುಬಿಟ್ಟಳು.

ಮೇಡಂ ಒಂದು ಹನಿಯನ್ನು ಬೆರಳಿಗೆ ಒತ್ತಿ ನಾಲಗೆಗೆ ಇಟ್ಟರು. ಮುಖ ಕಿವುಚಿದರು. “ಬಿಸಿಲು ಬರ್ಲಿ, ಕಾಯೋಣ” ಅಂದರು.

ಕಾದರು. ಪಿಟೀಲಿಗೆ ಆ ಒಂದು ಗಂಟೆ ಒಂದು ಯುಗವಾಯಿತು. ಬಿಸಿಲು ಮೊದಲು ಬಾಗಿಲಿಗೆ ಬಂತು, ಆಮೇಲೆ ಬಕೆಟ್ಟಿಗೆ, ಆಮೇಲೆ ಮೊದಲ ಸಾಲಿನ ಕುಂಡಗಳಿಗೆ. ಹನಿಗಳು ಒಂದೊಂದಾಗಿ ಆರತೊಡಗಿದವು. ಆರಿದ ಜಾಗದಲ್ಲಿ ಬಿಳಿ ಚುಕ್ಕೆ. ಅಲ್ಲೊಂದು, ಇಲ್ಲೊಂದು. ನೋಡನೋಡುತ್ತಾ ಇಡೀ ಎಲೆಯೇ ಬೆಳ್ಳಗೆ ಮಿನುಗಿತು.

“ಅಮ್ಮಾ!”

“ಶ್!” ಅಂದಳು ಅಮ್ಮ. ಅವಳ ಕೈ ಪಿಟೀಲಿನ ಹೆಗಲನ್ನು ಗಟ್ಟಿಯಾಗಿ ಹಿಡಿದಿತ್ತು.

ಮೇಡಂ ಒಂದಾದ ಮೇಲೊಂದು ಫೋಟೋ ತೆಗೆದರು. “ಒರೆಸಿ ತೆಗೆದ ಮೇಲೂ ಬಂದಿದೆ. ನೀವಂತೂ ನೀರೇ ಹಾಕಿಲ್ಲ. ಇನ್ನು ಒಳಗಿಂದಲ್ಲದೆ ಎಲ್ಲಿಂದ ಬರ್ಬೇಕು? ನನ್ನ ಅನುಮಾನ ಹೋಯ್ತು ಬಿಡಿ. ಸಾವಿರ ಗಿಡಕ್ಕೆ ರೆಡಿ ಮಾಡ್ಕೊಳ್ಳಿ.” ಹೊರಡುವಾಗ ಮೂಲೆಯ ಗಿಡ ನೋಡಿ ನಕ್ಕರು. “ಇದಕ್ಕೆ ಉಪ್ಪು ಹಾಕಿದ್ದೀಯ, ಸ್ವಲ್ಪ ಖಾರಾನೂ ಹಾಕಿದ್ರೆ ನಾನು ತಿಂದೇಬಿಡ್ತಿದ್ದೆ.”

ಗೇಟು ಮುಚ್ಚಿತು. ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಅಮ್ಮ ಉಪ್ಪಿನ ಡಬ್ಬಿ ಎತ್ತಿಕೊಂಡಳು.

“ರಾತ್ರಿಯೆಲ್ಲಾ ಇದನ್ನ ಹೊಟ್ಟೇಲಿ ಇಟ್ಕೊಂಡು ಮಲಗಿದ್ಯೇನೇ?”

ಪಿಟೀಲು ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ, “ಅಮ್ಮಾ, ತುಂಬಾ ಹಸಿವಾಗ್ತಿದೆ” ಅಂದಳು.

“ಹಸಿವಾಗದೇ ಇನ್ನೇನು! ಮೊದಲು ಆ ಮೂಲೆ ಗಿಡ ತೊಳಿ. ಆಮೇಲೆ ಬಾ, ತಿನ್ನೋಕೆ ಕೊಡ್ತೀನಿ.”

ಪಿಟೀಲು ಬಟ್ಟೆ ಒದ್ದೆ ಮಾಡಿ ಅಡಿಗೆಮನೆಯ ಉಪ್ಪನ್ನೆಲ್ಲ ಒರೆಸಿದಳು. ಉಳಿದ ಮೂವತ್ತೊಂಬತ್ತೂ ಬೆಳ್ಳಗಿದ್ದವು. ಇದೊಂದೇ ಬರಿದಾಗಿ ನಿಂತಿತು.

“ಇದು ತನ್ನ ಉಪ್ಪನ್ನ ಹೊರಗೆ ಹಾಕೋಕೆ ಎಷ್ಟು ಹೊತ್ತು ಬೇಕಮ್ಮಾ?”

“ಒಂದು ರಾತ್ರಿ ಬೇಕು,” ಅಂದಳು ಅಮ್ಮ.

ಪಿಟೀಲು ಎಲೆಯನ್ನು ಬೆರಳಿಂದ ಒಮ್ಮೆ ಮುಟ್ಟಿ ಬಿಟ್ಟಳು.

“ಹೌದು,” ಅಂದಳು. “ಅಷ್ಟು ಬೇಕಾಗುತ್ತೆ.”