ಇಪ್ಪತ್ತೇಳನೇ ನಂಬರಿನ ಸುದ್ದಿ

"ಬ್ಯಾಡ್ಜ್ ಬೇಡ ಮಗೂ. ಎರಡು ಮಾತು ಕೇಳಿ ಹೊರಟುಬಿಡ್ತೀನಿ. ಹನ್ನೊಂದು ಎಲ್ಲಿದ್ದಾಳೆ?"

ಸ್ಟ್ಯಾಂಪು ತಲೆ ಎತ್ತಿ ನೋಡಿದಳು. ಮೇಜಿನ ಎದುರು ನಿಂತಿದ್ದವರು ಗರಿಗರಿ ಇಸ್ತ್ರಿಯ ನೀಲಿ ಅಂಗಿ ತೊಟ್ಟಿದ್ದರು. ಜೇಬಿನಲ್ಲಿ ಮಡಿಸಿದ ಕಾಗದ ಇಣುಕುತ್ತಿತ್ತು. ಅವರ ಹಿಂದೆ, ಗೇಟಿನ ಪಕ್ಕ, ಹಳದಿ ಬಣ್ಣದ ಸ್ಕೂಲ್ ವ್ಯಾನ್ ನಿಂತಿತ್ತು.

"ಹನ್ನೊಂದು ಅಂದ್ರೆ ನಮ್ಮಮ್ಮ. ಒಳಗೆ ಊಟದ ಹಾಲ್‌ನಲ್ಲಿದ್ದಾರೆ. ನಿಮ್ಮ ನಂಬರ್ ಎಷ್ಟು ಅಂಕಲ್?"

"ಇಪ್ಪತ್ತೇಳು."

ಸ್ಟ್ಯಾಂಪು ಹಳದಿ ವ್ಯಾನನ್ನು ನೋಡಿದಳು. ಅವರನ್ನು ನೋಡಿದಳು. ಮತ್ತೆ ವ್ಯಾನನ್ನು ನೋಡಿದಳು.

ಅದು ಅಮ್ಮ ಓದಿದ ಹಾಸ್ಟೆಲ್ ಶಾಲೆ. ಅವತ್ತು ಅವಳ ಕ್ಲಾಸಿನವರೆಲ್ಲ ಅಲ್ಲಿ ಮತ್ತೆ ಸೇರಿದ್ದರು; ಗೇಟಿನಲ್ಲಿ ಬ್ಯಾಡ್ಜ್ ಕೊಡುವ ಕೆಲಸ ಸ್ಟ್ಯಾಂಪುವಿನದು. ಒಗೆಯಲು ಹಾಕಿದ ಬಟ್ಟೆ ಅದಲುಬದಲಾಗದಿರಲಿ ಎಂದು ಅಲ್ಲಿ ಎಲ್ಲರ ಕಾಲರಿಗೂ ಒಂದೊಂದು ನಂಬರ್ ಹೊಲಿಯುತ್ತಿದ್ದರಂತೆ. ಶಾಲೆ ಬಿಟ್ಟು ಇಪ್ಪತ್ತೈದು ವರ್ಷವಾದರೂ ಅಮ್ಮನ ಕ್ಲಾಸಿನವರು ಒಬ್ಬರನ್ನೊಬ್ಬರು ಕರೆಯುವುದು ಅದೇ ನಂಬರಿನಿಂದ. ತಲೆ ನೆರೆತವರು, ಹೊಟ್ಟೆ ಬಂದವರು, "ಏ ಹತ್ತೊಂಬತ್ತೂ!" ಎಂದು ಕೂಗುತ್ತಾ ಓಡಿಬಂದು ತಬ್ಬಿಕೊಳ್ಳುವುದನ್ನು ನೋಡಿ ಸ್ಟ್ಯಾಂಪು ಬೆಳಗ್ಗಿನಿಂದ ನಕ್ಕಿದ್ದೇ ನಕ್ಕಿದ್ದು.

ಈ ಗುಂಪಿನ ಸುದ್ದಿಪತ್ರಿಕೆ ಮಾಡುವವಳು ಅಮ್ಮ. ವರ್ಷಕ್ಕೊಮ್ಮೆ ಎಲ್ಲರೂ ಅವಳಿಗೆ ಕಾರ್ಡ್ ಬರೆಯುತ್ತಾರೆ. ಹೆಸರು ಬರೆಯುವಂತಿಲ್ಲ. ಮೇಲಿನ ಮೂಲೆಯಲ್ಲಿ ನಂಬರ್, ಕೆಳಗೆ ಎರಡು ಸಾಲು ಸುದ್ದಿ, ಅಷ್ಟೇ.

ಎಡವಟ್ಟಾಗಿದ್ದು ಆ ಮೂಲೆಯಲ್ಲೇ. ಹುಡುಗಿಗೆ ಸ್ಟ್ಯಾಂಪು ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಅಂಚೆಚೀಟಿ ಕಂಡರೆ ಅವಳಿಗೆ ಮೈಮೇಲೆ ಪ್ರಜ್ಞೆಯೇ ಇರುತ್ತಿರಲಿಲ್ಲ. ಪತ್ರಿಕೆ ಪ್ರೆಸ್ಸಿಗೆ ಹೋಗುವ ದಿನ ಮಧ್ಯಾಹ್ನ ಕೊನೆಯ ಎರಡು ಕಾರ್ಡ್ ಬಂದವು. ಒಂದರಲ್ಲಿ ಹಕ್ಕಿಯ ಸ್ಟ್ಯಾಂಪ್, ಇನ್ನೊಂದರಲ್ಲಿ ಪರದೇಶದ ಹಡಗು!

"ನೀನೇ ಟೈಪ್ ಮಾಡಿ ಕಳಿಸಿಬಿಡೇ. ಲ್ಯಾಬ್‌ನಲ್ಲಿ ಇವತ್ತು ತುಂಬಾ ಕೆಲಸ," ಎಂದು ಅಮ್ಮ ಫೋನಿನಲ್ಲಿ ಹೇಳಿದಳು.

ಸ್ಟ್ಯಾಂಪು ಮೊದಲು ಮಾಡಿದ ಕೆಲಸ ಕತ್ತರಿ ತಂದಿದ್ದು. ಎರಡೂ ಮೂಲೆಗಳನ್ನು ಕತ್ತರಿಸಿ ನೀರಿನ ಬಟ್ಟಲಿಗೆ ಹಾಕಿದಳು. ನಂಬರ್ ಇರುವುದು ಸ್ಟ್ಯಾಂಪಿನ ಬೆನ್ನಿಗೇ ಎಂದು ನೆನಪಾಗುವಷ್ಟರಲ್ಲಿ ಶಾಯಿ ಕರಗಿ ನೀರು ನೀಲಿಯಾಗಿತ್ತು.

ಒಂದು ಕಾರ್ಡ್‌ನಲ್ಲಿ ಹೀಗಿತ್ತು: "ಮಕ್ಕಳ ಹೃದಯದ ಆಪರೇಷನ್ ಮಾಡುವ ಡಾಕ್ಟರ್ ಆಗಿದ್ದೇನೆ." ಇನ್ನೊಂದರಲ್ಲಿ: "ಹದಿನೆಂಟು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುತ್ತಿದ್ದೇನೆ. ಒಂದು ಮಗುವನ್ನೂ ಬಿಟ್ಟು ಹೋಗಿಲ್ಲ." ಪಟ್ಟಿಯಲ್ಲಿ ಉಳಿದಿದ್ದ ನಂಬರ್ ಎರಡೇ: ಇಪ್ಪತ್ತೇಳು, ಮೂವತ್ತೆಂಟು. ಎಷ್ಟೋ ವರ್ಷದಿಂದ ಸುದ್ದಿಯೇ ಇಲ್ಲದ ಇಬ್ಬರು.

ಅಮ್ಮನನ್ನು ಕೇಳಿದರೆ ಕತ್ತರಿಯ ವಿಷಯ ಹೊರಬೀಳುತ್ತಿತ್ತು. ಸ್ಟ್ಯಾಂಪು ತಾನೇ ತಲೆ ಓಡಿಸಿದಳು. ಇಪ್ಪತ್ತೇಳು ಯಾವಾಗಲೂ ಕ್ಲಾಸಿಗೇ ಫಸ್ಟ್, ಮೂವತ್ತೆಂಟಕ್ಕೆ ಲೆಕ್ಕ ಅಂದರೆ ಜ್ವರ ಎಂದು ಅಮ್ಮ ನೂರು ಸಲ ಹೇಳಿದ್ದಳು. ಮತ್ತೆ ಡಾಕ್ಟರ್ ಯಾರು ಎಂದು ಕೇಳಬೇಕೇ? ಟೈಪ್ ಮಾಡಿದಳು, ಕಳಿಸಿದಳು, ಕಾರ್ಡುಗಳನ್ನು ಬಚ್ಚಿಟ್ಟಳು.

ಅಚ್ಚಾಗಿ ಬಂದದ್ದನ್ನು ಓದಿ ಅಮ್ಮ ಕುಣಿದಾಡಿದ್ದಳು. "ನಂಗೊತ್ತಿತ್ತು! ಇಪ್ಪತ್ತೇಳು ಡಾಕ್ಟರ್ ಆಗೇ ಆಗ್ತಾನೆ ಅಂತ ನಂಗೊತ್ತಿತ್ತು! ಹದಿನೈದು ವರ್ಷ ಬಿಡದೆ ಅವನಿಗೆ ಕಾರ್ಡ್ ಹಾಕಿದ್ದಕ್ಕೂ ಸಾರ್ಥಕ ಆಯ್ತು."

ಈಗ ಆ ಇಪ್ಪತ್ತೇಳು ಎದುರಿಗೇ ನಿಂತಿದ್ದರು. ಜೇಬಿನಲ್ಲಿದ್ದ ಕಾಗದ ಆ ಪತ್ರಿಕೆಯೇ.

"ನಾನು ಬರೆದಿದ್ದೇ ಒಂದು, ಇವರು ಹಾಕಿದ್ದೇ ಇನ್ನೊಂದು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಡ್ರೈವರ್ ಅಂತ ಹಾಕೋಕೆ ನಾಚಿಕೆ ಆಯ್ತೇನೋ. ಹಾಗಿದ್ರೆ ನಾನು ಬರೋದೇ ಬೇಡ ಅಲ್ವಾ?"

ಇವರು ಈಗ ಹೋದರೆ ಇನ್ನೆಂದೂ ಕಾರ್ಡ್ ಬರೆಯುವುದಿಲ್ಲ ಎಂದು ಸ್ಟ್ಯಾಂಪುವಿಗೆ ಖಾತ್ರಿಯಾಯಿತು.

"ಅಮ್ಮಂಗೆ ಏನೂ ಗೊತ್ತಿಲ್ಲ ಅಂಕಲ್! ಅದು ನಂದೇ ತಪ್ಪು," ಎಂದವಳು ಕತ್ತರಿ, ಬಟ್ಟಲು, ನೀಲಿ ನೀರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅವರು ಪೂರ್ತಿ ಕೇಳಿಸಿಕೊಂಡರು. "ಸರಿ, ಎರಡು ಕಾರ್ಡ್ ಇತ್ತು. ನಾನೇ ಡಾಕ್ಟರ್ ಅಂತ ಯಾಕೆ ಅಂದ್ಕೊಂಡೆ?"

"ನೀವು... ಯಾವಾಗಲೂ ಫಸ್ಟ್ ಬರ್ತಿದ್ರಂತೆ."

ಅವರು ಜೇಬಿನಿಂದ ಇಣುಕುತ್ತಿದ್ದ ಕಾಗದವನ್ನು ಒಳಗೆ ತಳ್ಳಿದರು. ಸ್ಟ್ಯಾಂಪುವಿಗೆ ಯಾಕೋ ತುಂಬಾ ಕೆಟ್ಟದೆನಿಸಿತು. ತಪ್ಪು ಒಪ್ಪಿಕೊಂಡ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ.

"ಹೌದು, ಬರ್ತಿದ್ದೆ," ಎಂದರು ಕೊನೆಗೆ. "ಆಮೇಲೆ ಅಪ್ಪಂಗೆ ಹುಷಾರು ತಪ್ಪಿತು. ಮನೇಲಿ ದುಡಿಯೋರು ಬೇಕಿತ್ತು."

"ಹೋಗ್ಬೇಡಿ ಅಂಕಲ್. ಎಲ್ಲರ ಎದುರಿಗೂ ನಾನೇ ಹೇಳ್ತೀನಿ."

ಅವರು ಅವಳನ್ನೊಮ್ಮೆ ನೋಡಿ, ಕಾಲರನ್ನು ಮುಂದೆ ಮಾಡಿದರು. "ಹಾಗಾದ್ರೆ ಚುಚ್ಚು ಬ್ಯಾಡ್ಜು. ನನಗೆ ಚುಚ್ಚಬೇಡ, ಅಂಗಿಗೆ ಚುಚ್ಚು."

ಹಾಲ್‌ನಲ್ಲಿ ಹಾಜರಿ ಶುರುವಾಗಿತ್ತು. ಅಮ್ಮ ನಂಬರ್ ಕರೆಯುವುದು, ಅವರು ಎದ್ದು ತಮ್ಮ ಸುದ್ದಿ ಹೇಳುವುದು. "ಇಪ್ಪತ್ತೇಳು! ನಮ್ಮ ಹೆಮ್ಮೆಯ ಡಾಕ್ಟರ್!" ಎಂದು ಅಮ್ಮ ಮೈಕಿನಲ್ಲಿ ಕೂಗಿದಾಗ ಸ್ಟ್ಯಾಂಪು ಎದ್ದು ನಿಂತಳು.

"ಅಮ್ಮಾ, ಅದು ತಪ್ಪು. ಆ ಎರಡು ಕಾರ್ಡ್ ನಾನೇ ಅದಲುಬದಲು ಮಾಡಿದ್ದು. ನಂಬರ್ ಕತ್ತರಿಸಿಬಿಟ್ಟಿದ್ದೆ."

ಅಮ್ಮನ ಮುಖ ಕೆಂಪಾಯಿತು. ಅಷ್ಟರಲ್ಲಿ ಇಪ್ಪತ್ತೇಳು ಎದ್ದು ನಿಂತು, ನೆಟ್ಟಗೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇಪ್ಪತ್ತೇಳು. ಸ್ಕೂಲ್ ವ್ಯಾನ್ ಓಡಿಸ್ತೀನಿ. ಹದಿನೆಂಟು ವರ್ಷ ಆಯ್ತು. ಒಂದು ಮಗುವನ್ನೂ ಬಿಟ್ಟು ಹೋಗಿಲ್ಲ."

"ಅಂತೂ ಸಿಕ್ಕಿದ್ಯಲ್ಲೋ ನನ್ನ ವ್ಯಾನ್ ಕದ್ದವನೇ!" ಹಿಂದಿನ ಸಾಲಿನಿಂದ ಕನ್ನಡಕದ ಹೆಂಗಸೊಬ್ಬರು ಎದ್ದರು. ಅವರ ಎದೆಯ ಮೇಲೆ ಮೂವತ್ತೆಂಟು ಎಂದಿತ್ತು. "ಬೆಳಗ್ಗಿಂದ ಎಲ್ಲರೂ ನನ್ನನ್ನ ಟೈರು, ಡೀಸೆಲ್ಲು ಅಂತ ಕೇಳಿ ತಲೆ ತಿಂದ್ರು! ನಾನು ಡಾಕ್ಟರ್ ಅಂದ್ರೆ ತಮಾಷೆ ಅಂತ ನಕ್ಕರು!"

ಹಾಲ್ ತುಂಬ ನಗು. ಮೂವತ್ತೆಂಟು ಮಾತ್ರ ಕಣ್ಣೊರೆಸಿಕೊಂಡರು. "ಬಟ್ಟೆ ಒಗೆಯೋ ಕಲ್ಲಿನ ಮೇಲೆ ಒದ್ದೆ ಬೆರಳಲ್ಲಿ ಇವನು ನಂಗೆ ಲೆಕ್ಕ ಬರೆದುಕೊಡ್ತಿದ್ದ. ನೀರು ಆರೋ ಮುಂಚೆ ಉತ್ತರ ಹೇಳಬೇಕಿತ್ತು. ಅದಿಲ್ಲದಿದ್ರೆ ನಾನು ಹತ್ತನೇ ಕ್ಲಾಸೇ ದಾಟ್ತಿರಲಿಲ್ಲ ಕಣ್ರೋ." ಯಾರೋ ತಟ್ಟೆಗೆ ಚಮಚ ಬಡಿದರು. ಆಮೇಲೆ ಎಲ್ಲರೂ ಬಡಿದರು. ಕಿವಿ ಕಿತ್ತುಹೋಗುವಂತೆ ಬಡಿದರು.

ಊಟವಾದ ಮೇಲೆ ಅಮ್ಮ ಒಂದು ಹಾಳೆ ತಂದು ಮುಂದಿಟ್ಟಳು. "ಬೈಯೋದು ಮನೇಗೆ ಹೋದ್ಮೇಲೆ. ಈಗ ತಿದ್ದುಪಡಿ ಬರಿ. ನೀನೇ ಬರೀಬೇಕು."

ಸ್ಟ್ಯಾಂಪು ಬರೆದಳು: "ಇಪ್ಪತ್ತೇಳು ಡಾಕ್ಟರ್ ಅಲ್ಲ."

ಆಮೇಲೆ ಹಾಳೆ ಹಿಡಿದುಕೊಂಡು ಅವರ ಪಕ್ಕ ಹೋಗಿ ಕೂತಳು. ವ್ಯಾನಿನಲ್ಲಿ ಎಷ್ಟು ಮಕ್ಕಳು, ಯಾರು ಅಳುತ್ತಾರೆ, ಯಾರು ದಿನಾ ಲೇಟು, ಎಲ್ಲ ಕೇಳಿದಳು. ಮಗು ಇಳಿದ ತಕ್ಷಣ ತಾನು ಹೊರಡುವುದಿಲ್ಲ, ಮನೆಯ ಬಾಗಿಲು ತೆರೆದು ಯಾರಾದರೂ ಕೈ ಹಿಡಿದುಕೊಳ್ಳುವ ತನಕ ಕಾಯುತ್ತೇನೆ ಎಂದರು ಅವರು.

"ಯಾರೂ ಬಾಗಿಲು ತೆಗೀದಿದ್ರೆ?"

"ಮತ್ತೆ ಹತ್ತಿಸ್ಕೋತೀನಿ. ಮುಂದಿನ ಸೀಟಲ್ಲಿ ಕೂರಿಸಿ ಲೆಕ್ಕ ಹೇಳ್ಕೊಡ್ತೀನಿ."

ಸ್ಟ್ಯಾಂಪು ಹಾಳೆಯನ್ನು ನೋಡಿದಳು. ತಾನು ಬರೆದಿದ್ದ ಸಾಲನ್ನು ಪೂರ್ತಿ ಹೊಡೆದುಹಾಕಿದಳು. ಕೆಳಗೆ, ದುಂಡಗೆ, ಮತ್ತೆ ಶುರು ಮಾಡಿದಳು: "ಇಪ್ಪತ್ತೇಳು ಹದಿನೆಂಟು ವರ್ಷದಿಂದ..."